ಹಳೆಯ ವಿಡಿಯೊ ಸಲೀಸು, ನೇರಪ್ರಸಾರ ಮಾತ್ರ ತಡವರಿಸುತ್ತದೆ: ಮನೆಯ ಫೈಬರ್ ಸಂಪರ್ಕದಲ್ಲಿ ದೋಷ ಹುಡುಕುವುದು ಹೇಗೆ?

ಅಡಿಕೆ ತೋಟ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಒಳಗಿರುವ ಹಳ್ಳಿ. ಮನೆಗೆ ಫೈಬರ್ ಸಂಪರ್ಕವಿದ್ದು, ನಾವು ತೆಗೆದುಕೊಂಡಿರುವ ಪ್ಲಾನಿನಲ್ಲಿ ಡೌನ್‌ಲೋಡ್ 60 ಎಂಬಿಪಿಎಸ್, ಅಪ್‌ಲೋಡ್ 10 ಎಂಬಿಪಿಎಸ್ ಇದೆ. ತಂದೆಯವರಿಗೆ ಎಂಬತ್ತು ದಾಟಿದ್ದು, ಮೊದಲಿನಂತೆ ರಾತ್ರಿಯಿಡೀ ಬಯಲಿನಲ್ಲಿ ಕುಳಿತು ಆಟ ನೋಡಲು ದೇಹ ಕೇಳುವುದಿಲ್ಲ. ಹಾಗಾಗಿ ಯೂಟ್ಯೂಬಿನಲ್ಲಿ ಬರುವ ಯಕ್ಷಗಾನದ ನೇರಪ್ರಸಾರವನ್ನು ಜಗಲಿಯ ಟಿವಿಯಲ್ಲಿ ನೋಡುತ್ತಾರೆ. ಸಂಜೆ ಏಳರ ನಂತರ ಪ್ರಸಾರ ಪದೇ ಪದೇ ನಿಲ್ಲುತ್ತದೆ. ಭಾಗವತರ ಪದ್ಯ ಅರ್ಧಕ್ಕೆ ತುಂಡಾಗಿ, ಚಕ್ರ ತಿರುಗಿ, ಮತ್ತೆ ಶುರುವಾಗುವಾಗ ಸಂದರ್ಭವೇ ಕೈತಪ್ಪಿರುತ್ತದೆ.

ಅದೇ ಹೊತ್ತಿನಲ್ಲಿ ಹಳೆಯ ಪ್ರಸಂಗದ ಮುದ್ರಿತ ವಿಡಿಯೊ ಹಾಕಿದರೆ ಒಮ್ಮೆಯೂ ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 55ಕ್ಕೆ ಕಡಿಮೆ ತೋರಿಸುವುದಿಲ್ಲ. ಸಂಪರ್ಕ ಕೊಟ್ಟವರನ್ನು ಕೇಳಿದರೆ ಲೈನು ಸರಿಯಾಗಿದೆ, ದೊಡ್ಡ ಪ್ಲಾನಿಗೆ ಬದಲಾಯಿಸಿಕೊಳ್ಳಿ ಎನ್ನುತ್ತಾರೆ. ರೂಟರ್ ಮಹಡಿಯ ಕೋಣೆಯಲ್ಲಿದೆ, ಟಿವಿ ಕೆಳಗಿನ ಜಗಲಿಯಲ್ಲಿದೆ, ನಡುವೆ ದಪ್ಪ ಜಂಬಿಟ್ಟಿಗೆ ಗೋಡೆಗಳಿವೆ. ಆ ಕಾರಣಕ್ಕೆ ಮಧ್ಯದಲ್ಲೊಂದು ವೈಫೈ ರಿಪೀಟರ್ (ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ಸಾಧನ) ಹಾಕಿದ್ದೇವೆ. ಹಣ ಹೆಚ್ಚು ಕೊಡಲು ಅಡ್ಡಿಯಿಲ್ಲ, ಆದರೆ ಕೊಟ್ಟ ಮೇಲೂ ಇದೇ ಕಥೆಯಾದರೆ ಏನು ಮಾಡುವುದೆಂಬ ಚಿಂತೆ. ತಿಳಿದವರು ದಾರಿ ಹೇಳಬೇಕಾಗಿ ವಿನಂತಿ.

ಪ್ಯಾಕೆಟ್ ಪಥ (ಮೈಸೂರು)

ದಯವಿಟ್ಟು ಪ್ಲಾನ್ ಬದಲಾಯಿಸಲು ಅವಸರ ಮಾಡಬೇಡಿ. ಯೂಟ್ಯೂಬ್ ತಾನೇ ಹೇಳುವ ಪ್ರಕಾರ 720ಪಿ ಚಿತ್ರಕ್ಕೆ 2.5 ಎಂಬಿಪಿಎಸ್, 1080ಪಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 20 ಎಂಬಿಪಿಎಸ್ ವೇಗ ಸ್ಥಿರವಾಗಿ ಸಿಕ್ಕರೆ ಸಾಕು. ನಿಮ್ಮ 60ರಲ್ಲಿ ಇದೆಲ್ಲವೂ ಧಾರಾಳವಾಗಿ ಹಿಡಿಸುತ್ತದೆ. ಇಲ್ಲಿ ಕೊರತೆಯಾಗಿರುವುದು ವೇಗವಲ್ಲ, ಸ್ಥಿರತೆ.

ಹಳೆಯ ವಿಡಿಯೊ ಏಕೆ ನಿಲ್ಲುವುದಿಲ್ಲ ಎಂಬುದರಲ್ಲಿಯೇ ಅರ್ಧ ಉತ್ತರವಿದೆ. ಮುದ್ರಿತ ವಿಡಿಯೊ ಸರ್ವರಿನಲ್ಲಿ ಇಡಿಯಾಗಿ ಇರುವುದರಿಂದ, ಟಿವಿಯ ಪ್ಲೇಯರ್ ನೀವು ನೋಡುತ್ತಿರುವ ಜಾಗಕ್ಕಿಂತ ಎಷ್ಟೋ ಮುಂದಿನ ಭಾಗವನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ; ನಡುವೆ ಸಂಪರ್ಕ ಹತ್ತು ಹದಿನೈದು ಸೆಕೆಂಡು ಕುಸಿದರೂ ಆ ದಾಸ್ತಾನು ಕೈಹಿಡಿಯುತ್ತದೆ ಮತ್ತು ನಿಮಗೆ ಗೊತ್ತೇ ಆಗುವುದಿಲ್ಲ. ನೇರಪ್ರಸಾರದಲ್ಲಿ ಮುಂದಿನ ಭಾಗ ಇನ್ನೂ ರಂಗದ ಮೇಲೆ ನಡೆದೇ ಇಲ್ಲವಾದ್ದರಿಂದ ತಂದಿಡುವುದಕ್ಕೆ ಏನೂ ಇರುವುದಿಲ್ಲ. ನೇರಪ್ರಸಾರಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳನ್ನಾಗಿ ಕತ್ತರಿಸಿ ಕಳುಹಿಸುತ್ತಾರೆ. 2017ರಲ್ಲಿ ಪ್ರಕಟವಾದ ಅದರ ವಿವರಣೆ, ಅಂದರೆ ಅಂತರಜಾಲದ ತಾಂತ್ರಿಕ ದಾಖಲೆಗಳಲ್ಲಿ ಒಂದಾದ ಆರ್‌ಎಫ್‌ಸಿ 8216, ಪ್ಲೇಯರ್ ತೀರ ತುದಿಯಿಂದ ಶುರುಮಾಡದೆ ಕನಿಷ್ಠ ಮೂರು ತುಂಡುಗಳಷ್ಟು ಹಿಂದಿನಿಂದ ಶುರುಮಾಡಬೇಕು ಎನ್ನುತ್ತದೆ. ಆರು ಸೆಕೆಂಡಿನ ತುಂಡಾದರೆ ಹದಿನೆಂಟು ಸೆಕೆಂಡು; ಇನ್ನೂ ಚಿಕ್ಕ ತುಂಡು ಬಳಸುವ ಕಡೆ ಅದಕ್ಕಿಂತಲೂ ಕಡಿಮೆ. ನೇರಪ್ರಸಾರಕ್ಕೆ ಇರುವ ಒಟ್ಟು ದಾಸ್ತಾನು ಇಷ್ಟೇ.

ಇನ್ನು ಸ್ಪೀಡ್ ಟೆಸ್ಟ್. ಅದು ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆದು, ಅನೇಕ ಸಲ ಸಂಪರ್ಕ ಕೊಟ್ಟವರ ಜಾಲದೊಳಗೇ ಇರುವ ಸರ್ವರಿನಿಂದ, ಕೆಲವೇ ಸೆಕೆಂಡುಗಳ ಸರಾಸರಿಯನ್ನು ಹೇಳುತ್ತದೆ. ಆ ಸರಾಸರಿಯೊಳಗೆ ಎರಡು ಸೆಕೆಂಡಿನ ಪೂರ್ತಿ ಮೌನ ಅಡಗಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಅದಲ್ಲದೆ ನೀವು ಅಳೆದದ್ದು ಮೊಬೈಲಿನಲ್ಲಿ, ಬಹುಶಃ ರೂಟರಿನ ಪಕ್ಕದಲ್ಲಿ ನಿಂತು. ಟಿವಿ ಇರುವುದು ರಿಪೀಟರಿನ ಆಚೆ.

ಹುಬ್ಬಳ್ಳಿ ಹುಡುಗ

ಸಂಜೆ ಏಳರ ನಂತರ ಮಾತ್ರ ತೊಂದರೆ ಎಂದಾದರೆ ಕಾರಣ ಸ್ಪಷ್ಟವಾಗಿಯೇ ಇದೆ. ಊರಿನವರೆಲ್ಲ ಒಂದೇ ಹೊತ್ತಿಗೆ ಟಿವಿ ಹಾಕುತ್ತಾರೆ. ಜಿಪಾನ್ ಫೈಬರಿನಲ್ಲಿ, ಅಂದರೆ ಒಂದೇ ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ವ್ಯವಸ್ಥೆಯಲ್ಲಿ, ಒಂದು ಪೋರ್ಟಿನ 2.488 ಜಿಬಿಪಿಎಸ್ ಡೌನ್‌ಲೋಡನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದಕ್ಕೂ ಹಿಂದೆ ಹಳ್ಳಿಗೆ ಬರುವ ಮುಖ್ಯ ಲಿಂಕ್ ಎಷ್ಟಿದೆಯೋ ಯಾರೂ ಹೇಳುವುದಿಲ್ಲ. ಮನೆಯೊಳಗೆ ತಡಕಾಡುವುದು ವ್ಯರ್ಥ. ಬೇರೆಯವರ ಸಂಪರ್ಕ ಸಿಗುವುದಾದರೆ ಬದಲಾಯಿಸಿಕೊಳ್ಳಿ.

ಪ್ಯಾಕೆಟ್ ಪಥ (ಮೈಸೂರು)

ನೀವು ಹೇಳುವ ಸಾಧ್ಯತೆ ಇದ್ದೇ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಹೊತ್ತೊಂದನ್ನೇ ಸಾಕ್ಷಿಯೆಂದು ಹಿಡಿದು ತೀರ್ಪು ಕೊಡಬಾರದು, ಏಕೆಂದರೆ ಸಂಜೆಯಾದ ಮೇಲೆ ಬದಲಾಗುವುದು ಊರಿನ ಬಳಕೆಯೊಂದೇ ಅಲ್ಲ, ಮನೆಯೊಳಗಿನ ಬಳಕೆಯೂ ಬದಲಾಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವ ಸುಲಭ ವಿಧಾನವಿದೆ, ಅದಕ್ಕೆ ಖರ್ಚೂ ಇಲ್ಲ.

ಒಂದು ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರವಾಗಿ ರೂಟರಿಗೆ ಜೋಡಿಸಿ, ಅದರ ಪರದೆಯ ಮೇಲೆ ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ ಹೊರಗಿನ 8.8.8.8 (ಗೂಗಲ್ ಸರ್ವರ್) ವಿಳಾಸಕ್ಕೆ ನಿಲ್ಲದ ಪಿಂಗ್ ಕೊಡಿ. ಚಿಕ್ಕ ಸಂದೇಶ ಕಳುಹಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದೇ ಪಿಂಗ್. ಪ್ರಸಾರ ತಡವರಿಸುವ ಹೊತ್ತಿನಲ್ಲಿ ಎರಡನ್ನೂ ಗಮನಿಸಿ. ವೈರಿನಲ್ಲಿ ರೂಟರಿನ ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬರಬೇಕು. ಅದು ಸ್ಥಿರವಾಗಿದ್ದು ಹೊರಗಿನ ಪಿಂಗ್ ಮಾತ್ರ ಏರುತ್ತಿದ್ದರೆ ತೊಡಕು ರೂಟರಿನಿಂದ ಆಚೆಗೆ ಹೋಗುವ ದಾರಿಯಲ್ಲಿದೆ. ಆಮೇಲೆ ವೈರು ಕಳಚಿ, ಲ್ಯಾಪ್‌ಟಾಪನ್ನು ಟಿವಿಯ ಪಕ್ಕದಲ್ಲಿಟ್ಟು, ರಿಪೀಟರಿನ ವೈಫೈಯಲ್ಲಿ ಅದನ್ನೇ ಮಾಡಿ. ರೂಟರಿನ ಪಿಂಗೇ ಕುಣಿಯುತ್ತಿದ್ದರೆ ದೋಷ ಮನೆಯೊಳಗಿನ ವೈಫೈಯದು. ಎರಡೂ ಸ್ಥಿರವಾಗಿದ್ದು ವಿಡಿಯೊ ಮಾತ್ರ ನಿಂತರೆ, ಪ್ರಸಾರದ ಮೂಲವನ್ನೋ ಟಿವಿಯನ್ನೋ ಅನುಮಾನಿಸಬೇಕು.

ಕೆಲವರು ಟ್ರೇಸ್‌ರೂಟ್ (ದಾರಿಯಲ್ಲಿ ಸಿಗುವ ರೂಟರುಗಳನ್ನು ಒಂದೊಂದಾಗಿ ತೋರಿಸುವ ಪರೀಕ್ಷೆ) ಹಾಕಿ, ನಡುವಿನ ಯಾವುದೋ ರೂಟರಿನಲ್ಲಿ ಉತ್ತರ ಬರಲಿಲ್ಲವೆಂದು ಅಲ್ಲಿಯೇ ದೋಷವಿದೆ ಎನ್ನುವುದುಂಟು. ನಡುವಿನ ರೂಟರುಗಳು ಇಂತಹ ವಿಚಾರಣೆಗೆ ಉತ್ತರಿಸುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಂಡಿರುತ್ತವೆ. ಆ ನಷ್ಟ ಕೊನೆಯ ವಿಳಾಸದವರೆಗೂ ಮುಂದುವರಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದರ ಜೊತೆಗೆ, ಕಂಪ್ಯೂಟರಿನಲ್ಲಿ ಅದೇ ಪ್ರಸಾರ ಹಾಕಿ, ವಿಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಅಲ್ಲಿ 'ಬಫರ್ ಹೆಲ್ತ್' (ಮೊದಲೇ ತಂದಿಟ್ಟ ದಾಸ್ತಾನಿನ ಅಳತೆ) ಎಂಬ ಸಾಲು ಸೊನ್ನೆಗೆ ಇಳಿದಾಗ ಚಿತ್ರ ನಿಂತರೆ ಅದು ಜಾಲದ ದೋಷ. ಬಫರ್ ತುಂಬಿಯೇ ಇದ್ದು 'ಡ್ರಾಪ್ಡ್ ಫ್ರೇಮ್ಸ್' (ತೋರಿಸಲಾಗದೆ ಬಿಟ್ಟ ಚೌಕಟ್ಟುಗಳು) ಏರುತ್ತಿದ್ದರೆ, ಚಿತ್ರವನ್ನು ಬಿಡಿಸಿ ತೋರಿಸಲು ಆ ಸಾಧನಕ್ಕೇ ಶಕ್ತಿ ಸಾಲುತ್ತಿಲ್ಲ ಎಂದರ್ಥ. ಹಳೆಯ ಅಗ್ಗದ ಟಿವಿಗಳಲ್ಲಿ ಇದು ಅಪರೂಪವಲ್ಲ.

ಫೈಬರ್ ಬೆಸುಗೆ (ಸಾಗರ)

ನಾನು ಫೈಬರ್ ಸ್ಪ್ಲೈಸಿಂಗ್ (ಎಳೆಗಳನ್ನು ಬೆಸೆಯುವ) ಕೆಲಸದಲ್ಲಿರುವವನು. ಮಲೆನಾಡಿನ ಲೈನುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮೋಡೆಮ್‌ನ (ಫೈಬರ್ ಬಂದು ಸೇರುವ ಪೆಟ್ಟಿಗೆ) ಸೆಟ್ಟಿಂಗ್ಸ್ ಪುಟದೊಳಗೆ ಹೋದರೆ ಆಪ್ಟಿಕಲ್ ಅಥವಾ ಪಾನ್ ಎಂಬ ವಿಭಾಗದಲ್ಲಿ 'ಆರ್‌ಎಕ್ಸ್ ಪವರ್' ಎಂಬ ಅಂಕಿ, ಅಂದರೆ ಬಂದು ಸೇರುವ ಬೆಳಕಿನ ಬಲ, ಡಿಬಿಎಂ ಅಳತೆಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಬಿ ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ ಮೋಡೆಮ್ ಮೈನಸ್ 8ರಿಂದ ಮೈನಸ್ 27ರವರೆಗಿನ ಬೆಳಕನ್ನು ಓದಬಲ್ಲದು. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು; ಮೈನಸ್ 25ರ ಒಳಗಿದ್ದರೆ ನೆಮ್ಮದಿ. 27ರ ಅಂಚಿಗೆ ಬಂದಿದ್ದರೆ ಬೆಳಕು ಬರುತ್ತಿಲ್ಲವೆಂದು ತಿಳಿಸುವ ಲಾಸ್ ದೀಪ ಕೆಂಪಾಗದಿದ್ದರೂ ದತ್ತಾಂಶ ಆಗಾಗ ಹಾಳಾಗಿ ಬರುತ್ತದೆ.

ಮಳೆಗಾಲದಲ್ಲಿ ಜಾಯಿಂಟ್ ಡಬ್ಬಿಯೊಳಗೆ ನೀರು ಸೇರುವುದು, ಮರದ ಕೊಂಬೆ ಕೇಬಲಿನ ಮೇಲೆ ಒರಗುವುದು, ಮಂಗಗಳು ಜಗ್ಗುವುದು ನಮ್ಮಲ್ಲಿ ಪ್ರತಿವರ್ಷದ ಸಂಗತಿ. ಮನೆಯೊಳಗೂ ಮೋಡೆಮ್ ಹಿಂದಿನ ಹಳದಿ ತಂತಿಯನ್ನು ಚಂದ ಕಾಣಲೆಂದು ಬಿಗಿಯಾಗಿ ಸುತ್ತಿ ಮೊಳೆಗೆ ಸಿಕ್ಕಿಸಿರುತ್ತಾರೆ. ಅಷ್ಟು ಚಿಕ್ಕ ಸುರುಳಿಯಲ್ಲಿ ಬೆಳಕು ಸೋರುತ್ತದೆ. ಅಂಗೈಗಿಂತ ಚಿಕ್ಕದಾಗಿ ಸುತ್ತಬೇಡಿ. ಹಸಿರು ಕನೆಕ್ಟರನ್ನು ಸುಮ್ಮನೆ ಕಳಚಿ ಬೆರಳಿನಿಂದ ಮುಟ್ಟಲೂ ಬೇಡಿ, ಒಳಗೆ ಇಣುಕಿ ನೋಡಲೂ ಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಲೇಸರ್.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ನಾವಿಲ್ಲಿ ಅದೇ ಆಟಗಳನ್ನು ನೋಡುವವರು. ಶಿರಸಿಯಲ್ಲಿ ರಾತ್ರಿ ಒಂಬತ್ತಾದಾಗ ಬೇಸಿಗೆಯಲ್ಲಿ ನಮಗೆ ಬೆಳಗಿನ ಹನ್ನೊಂದೂವರೆ. ರಜಾದಿನವಾದರೆ ಅಡುಗೆ ಮಾಡುತ್ತಲೇ ಹಾಕಿಕೊಳ್ಳುತ್ತೇವೆ. ಇಲ್ಲಿನ ಸಂಪರ್ಕ ಎಷ್ಟು ಚೆನ್ನಾಗಿದ್ದರೂ ಕೆಲವು ಪ್ರಸಾರಗಳು ನಮಗೂ ನಿಲ್ಲುತ್ತವೆ. ಆಗ ನಾನು ಪಕ್ಕದ ಲೈವ್ ಚಾಟ್ ನೋಡುತ್ತೇನೆ. ದುಬೈಯವರು, ಬೆಂಗಳೂರಿನವರು, ನಾವು ಎಲ್ಲರೂ ಒಂದೇ ನಿಮಿಷದಲ್ಲಿ ಧ್ವನಿ ಹೋಯಿತು ಎಂದು ಬರೆದಿದ್ದರೆ ದೋಷ ನೋಡುವವರ ಮನೆಯಲ್ಲಿಲ್ಲ, ಪ್ರಸಾರ ಹೊರಡುವ ಬಯಲಿನಲ್ಲಿದೆ. ರೂಟರಿಗೆ ಕೈ ಹಾಕುವ ಮೊದಲು ಇದನ್ನೊಮ್ಮೆ ನೋಡಿ ಎಂಬುದು ನನ್ನ ಸಲಹೆ.

ಕರಾವಳಿ ಕ್ಯಾಮೆರಾ (ಕುಂದಾಪುರ)

ಮೇಡಂ ಹೇಳಿದ್ದು ಸರಿ, ಮತ್ತು ಪ್ರಸಾರ ಮಾಡುವವರ ಕಡೆಯಿಂದ ಇದನ್ನು ವಿವರಿಸುವುದು ನನ್ನ ಹೊಣೆಯೆಂದು ಭಾವಿಸುತ್ತೇನೆ. ಆಟ ನಡೆಯುವುದು ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ, ದೇವಸ್ಥಾನದ ಎದುರಿನಲ್ಲಿ. ಅಲ್ಲಿ ಸಿಗುವುದು ಬಹುತೇಕ ಮೊಬೈಲ್ ಸಂಪರ್ಕ. ಮಧ್ಯಾಹ್ನ ಹೋಗಿ ಅಪ್‌ಲೋಡ್ ಅಳೆದರೆ ಚೆನ್ನಾಗಿರುತ್ತದೆ. ರಾತ್ರಿ ಜನ ಸೇರಿ ಎಲ್ಲರೂ ಮೊಬೈಲ್ ಎತ್ತಿ ವಿಡಿಯೊ ಕಳುಹಿಸಲು ಶುರುಮಾಡಿದ ಮೇಲೆ ಅದೇ ಟವರಿನಲ್ಲಿ ನಮ್ಮ ಪಾಲು ಕರಗುತ್ತದೆ. ಆದಕಾರಣ ನಾನು ಅಳೆದ ಅಪ್‌ಲೋಡಿನ ಅರ್ಧಕ್ಕಿಂತ ಹೆಚ್ಚಿನ ಬಿಟ್‌ರೇಟನ್ನು (ವಿಡಿಯೊ ಪ್ರತಿ ಸೆಕೆಂಡಿಗೆ ಬಳಸುವ ದತ್ತಾಂಶ) ಇಡುವುದೇ ಇಲ್ಲ, ಮತ್ತು ಎರಡು ಬೇರೆ ಕಂಪನಿಗಳ ಸಿಮ್ ಇಟ್ಟುಕೊಳ್ಳುತ್ತೇನೆ. ಕೀಫ್ರೇಮ್ (ಇಡಿಯಾಗಿ ಕಳುಹಿಸುವ ಚೌಕಟ್ಟು) ಅಂತರವನ್ನು ಯೂಟ್ಯೂಬ್ ಸೂಚಿಸುವಂತೆ ಎರಡು ಸೆಕೆಂಡಿಗೆ ಕಟ್ಟಿಡುತ್ತೇನೆ.

ಪ್ರಸಾರಕರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ವಿಳಂಬದ ಆಯ್ಕೆ. ಯೂಟ್ಯೂಬಿನಲ್ಲಿ ಸಾಮಾನ್ಯ, ಕಡಿಮೆ, ಅತಿ ಕಡಿಮೆ ಎಂಬ ಮೂರು ವಿಳಂಬಗಳಿವೆ. ಅತಿ ಕಡಿಮೆ ಎಂಬುದನ್ನು ಆರಿಸಿದರೆ ನೋಡುಗರ ಪ್ಲೇಯರಿನಲ್ಲಿ ದಾಸ್ತಾನು ತೀರ ಚಿಕ್ಕದಾಗಿ, ಹಳ್ಳಿಯ ಮನೆಗಳಲ್ಲಿ ಪ್ರಸಾರ ಸುಮ್ಮಸುಮ್ಮನೆ ನಿಲ್ಲುತ್ತದೆ. ಪ್ರಶ್ನೋತ್ತರದ ತರಗತಿಗೆ ಅದು ಬೇಕು. ಆಟಕ್ಕೆ ಖಂಡಿತ ಬೇಡ. ಮೂವತ್ತು ಸೆಕೆಂಡು ತಡವಾಗಿ ನೋಡಿದರೆ ಪ್ರಸಂಗ ಕೆಡುವುದಿಲ್ಲ, ಪದ್ಯ ತುಂಡಾದರೆ ಕೆಡುತ್ತದೆ. ಮೇಳಗಳ ಪ್ರಸಾರ ಮಾಡುವ ಎಲ್ಲರೂ ದಯವಿಟ್ಟು ಸಾಮಾನ್ಯ ವಿಳಂಬವನ್ನೇ ಇಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನೋಡುವವರಿಗೂ ಒಂದು ಉಪಾಯವಿದೆ. ಹಿಂದಕ್ಕೆ ಸರಿಸಲು ಅವಕಾಶವಿರುವ ಪ್ರಸಾರವಾದರೆ, ಆರಂಭದಲ್ಲಿಯೇ ಒಂದು ನಿಮಿಷ ನಿಲ್ಲಿಸಿಟ್ಟು ಆಮೇಲೆ ಮುಂದುವರಿಸಿ. ಆಗ ನೀವು ನೇರ ತುದಿಗಿಂತ ಒಂದು ನಿಮಿಷ ಹಿಂದೆ ಇರುವುದರಿಂದ, ಆ ಒಂದು ನಿಮಿಷದ ಭಾಗವನ್ನು ಪ್ಲೇಯರ್ ಮೊದಲೇ ತಂದಿಟ್ಟುಕೊಳ್ಳಬಲ್ಲದು. ಲೈವ್ ಎಂಬ ಕೆಂಪು ಚುಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು ಒತ್ತಬೇಡಿ. ಒತ್ತಿದರೆ ಮತ್ತೆ ತುದಿಗೆ ಹೋಗಿಬಿಡುತ್ತೀರಿ.

ಅಡಿಕೆ ತೋಟ (ಶಿರಸಿ)

ಎಲ್ಲರಿಗೂ ಧನ್ಯವಾದಗಳು. ಹೇಳಿದ್ದನ್ನೆಲ್ಲ ಕ್ರಮವಾಗಿ ಮಾಡಿ ನೋಡಿದೆ. ಆರ್‌ಎಕ್ಸ್ ಪವರ್ ಮೈನಸ್ 21ರ ಆಸುಪಾಸಿನಲ್ಲಿದೆ, ರಾತ್ರಿಯೂ ಬದಲಾಗುವುದಿಲ್ಲ. ಲೈವ್ ಚಾಟ್‌ನಲ್ಲಿ ಬೇರೆ ಯಾರೂ ದೂರಿಲ್ಲ.

ಪಿಂಗ್‌ನ ಫಲಿತಾಂಶ ಹೀಗಿದೆ. ಟಿವಿಯ ಬಳಿ ವೈಫೈಯಲ್ಲಿ ರೂಟರಿನ ಪಿಂಗೇ 5ರಿಂದ 200 ಮಿಲಿಸೆಕೆಂಡಿನವರೆಗೆ ಓಲಾಡುತ್ತದೆ, ಅದೂ ಹಗಲಿನಲ್ಲಿಯೂ. ವೈರಿನಲ್ಲಿ ರೂಟರಿನ ಪಿಂಗ್ ಒಂದೇ ಮಿಲಿಸೆಕೆಂಡು, ಅಲುಗಾಟವಿಲ್ಲ. ಆದರೆ ವೈರಿನಲ್ಲಿಯೂ ಹೊರಗಿನ ಪಿಂಗ್ ಹಗಲಿನಲ್ಲಿ 25 ಇದ್ದದ್ದು ಕತ್ತಲಾದ ಮೇಲೆ ಅಲೆ ಅಲೆಯಾಗಿ 400, 500ಕ್ಕೆ ಏರಿ ಮತ್ತೆ ಇಳಿಯುತ್ತದೆ. ಇದು ಹುಬ್ಬಳ್ಳಿಯವರು ಹೇಳಿದ ದಟ್ಟಣೆಯೇ ಇರಬಹುದೇ? ಅಂಗಳ ಮತ್ತು ತೋಟದ ಕಡೆಗೆ ನಾಲ್ಕು ಸಿಸಿಟಿವಿ ಕ್ಯಾಮೆರಾಗಳಿವೆ ಎಂಬುದನ್ನು ಮೊದಲು ಬರೆದಿರಲಿಲ್ಲ. ಅವುಗಳ ವಿಡಿಯೊ ಕ್ಲೌಡಿಗೆ ಹೋಗುತ್ತದೆ.

ಪ್ಯಾಕೆಟ್ ಪಥ (ಮೈಸೂರು)

ಕ್ಯಾಮೆರಾಗಳ ವಿಷಯ ತುಂಬ ಮುಖ್ಯವಾದದ್ದು. ಪಿಂಗ್ ಏರಿರುವ ಹೊತ್ತಿನಲ್ಲಿ ಕ್ಯಾಮೆರಾ ಪೆಟ್ಟಿಗೆಯಿಂದ (ಕ್ಯಾಮೆರಾಗಳೆಲ್ಲ ಬಂದು ಸೇರುವ ರೆಕಾರ್ಡರ್) ರೂಟರಿಗೆ ಬರುವ ಲ್ಯಾನ್ ವೈರನ್ನು ಕೆಲವು ನಿಮಿಷ ಕಳಚಿ, ಪಿಂಗ್ ಏನಾಗುತ್ತದೆಂದು ನೋಡಿ. 25ಕ್ಕೆ ಇಳಿದರೆ ದಟ್ಟಣೆ ನಿಮ್ಮ ಮನೆಯ ಅಪ್‌ಲೋಡಿನದು. ಇಳಿಯದಿದ್ದರೆ ಹುಬ್ಬಳ್ಳಿಯವರ ಮಾತು ನಿಜ.

ಅದು ಕತ್ತಲಾದ ಮೇಲೆಯೇ ಏಕೆ ಎಂಬ ಪ್ರಶ್ನೆ ಬರುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ತನ್ನ ಸೆನ್ಸರಿನ ಗ್ರಹಣಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ, ಆಗ ಚಿತ್ರದ ತುಂಬ ಕಾಳು ಕಾಳಾದ ನಾಯ್ಸ್ ತುಂಬಿಕೊಳ್ಳುತ್ತದೆ. ವಿಡಿಯೊ ಕುಗ್ಗಿಸುವ ವಿಧಾನವು ಒಂದು ಚೌಕಟ್ಟಿಗೂ ಮುಂದಿನ ಚೌಕಟ್ಟಿಗೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸುವುದರಿಂದ ಹಗಲಿನ ಖಾಲಿ ಅಂಗಳಕ್ಕೆ ಹೆಚ್ಚೇನೂ ಬೇಕಾಗುವುದಿಲ್ಲ. ರಾತ್ರಿಯ ನಾಯ್ಸ್ ಪ್ರತಿ ಚೌಕಟ್ಟಿನಲ್ಲಿಯೂ ಬದಲಾಗುವುದರಿಂದ, ಅಂಗಳ ಅಷ್ಟೇ ಖಾಲಿಯಿದ್ದರೂ ಬಿಟ್‌ರೇಟ್ ಏರುತ್ತದೆ. ಇದರ ಮೇಲೆ ಇನ್‌ಫ್ರಾರೆಡ್ ದೀಪಕ್ಕೆ ಮುತ್ತುವ ಹುಳುಗಳು, ಮಳೆಯ ಹನಿಗಳು, ಲೆನ್ಸಿನ ಎದುರಿನ ಜೇಡರ ಬಲೆ ಇವನ್ನೆಲ್ಲ ಕ್ಯಾಮೆರಾ ಚಲನೆಯೆಂದು ತಿಳಿದು, ಒಂದರ ಹಿಂದೊಂದು ತುಣುಕನ್ನು ಕ್ಲೌಡಿಗೆ ಏರಿಸುತ್ತಲೇ ಇರುತ್ತದೆ. ನಾಲ್ಕು ಕ್ಯಾಮೆರಾಗಳು ತಲಾ ಎರಡೂವರೆ ಎಂಬಿಪಿಎಸ್ ತೆಗೆದುಕೊಂಡರೂ ನಿಮ್ಮ 10 ಮುಗಿಯಿತು.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡಿಗೆ ಏನು ತೊಂದರೆ ಎಂದು ಅನೇಕರು ಕೇಳುತ್ತಾರೆ. ಬರುವ ದತ್ತಾಂಶಕ್ಕೆ ನಮ್ಮ ಕಡೆಯಿಂದ ತಲುಪಿತು ಎಂಬ ರಸೀದಿ ಹಿಂದಿರುಗುತ್ತಲೇ ಇರಬೇಕು. ರಸೀದಿ ತಡವಾದರೆ ಕಳುಹಿಸುವ ಸರ್ವರ್ ತನ್ನ ವೇಗವನ್ನು ತಗ್ಗಿಸುತ್ತದೆ. ಮುಂದಿನ ತುಂಡನ್ನು ಕೊಡು ಎಂಬ ಕೋರಿಕೆಯೂ ಅದೇ ದಾರಿಯಲ್ಲಿ ಹೋಗಬೇಕು. ರೂಟರಿನ ಅಪ್‌ಲೋಡ್ ಸಾಲಿನಲ್ಲಿ ಕ್ಯಾಮೆರಾಗಳ ಪ್ಯಾಕೆಟ್ಟುಗಳು ತುಂಬಿ ನಿಂತಾಗ ಈ ಪುಟ್ಟ ರಸೀದಿಗಳೂ ಅರ್ಧ ಸೆಕೆಂಡು ಕಾಯುತ್ತವೆ. ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಫಾಸ್ಟ್ ಡಾಟ್ ಕಾಮ್ ಪುಟದಲ್ಲಿ ಹೆಚ್ಚಿನ ವಿವರ ತೆರೆದರೆ ಖಾಲಿ ಇರುವಾಗಿನ ಮತ್ತು ತುಂಬಿರುವಾಗಿನ ವಿಳಂಬವನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ವೇಗದ ಅಂಕಿಗಿಂತ ಆ ಎರಡರ ಅಂತರವೇ ನಿಮಗೆ ಉಪಯುಕ್ತ.

ರಿಪೀಟರ್ ಬೇರೆಯೇ ದೋಷ. ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ಪ್ಯಾಕೆಟ್ಟನ್ನೂ ಒಮ್ಮೆ ಕೇಳಿಸಿಕೊಂಡು ಅದೇ ಚಾನೆಲ್ಲಿನಲ್ಲಿ ಮತ್ತೊಮ್ಮೆ ಹೇಳಬೇಕು, ಹಾಗಾಗಿ ಅರ್ಧ ಶಕ್ತಿ ಅಲ್ಲಿಯೇ ಹೋಗುತ್ತದೆ. ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ಅದಕ್ಕೆ ಮತ್ತಷ್ಟು ದುಬಾರಿ ರಿಪೀಟರ್ ತರುವ ಬದಲು ಟಿವಿಯವರೆಗೆ ಕ್ಯಾಟ್ 6 ವೈರನ್ನು ಎಳೆಯಿರಿ. ತಾಮ್ರದ ಲ್ಯಾನ್ ವೈರು 100 ಮೀಟರಿನವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ಟಿವಿಗಳ ಲ್ಯಾನ್ ಪೋರ್ಟ್ ಬಹುತೇಕ 100 ಎಂಬಿಪಿಎಸ್‌ನದು, ನಿಮ್ಮ ಪ್ಲಾನಿಗೆ ಅದು ಸಾಕು.

ಹೊಸಬ (ತೀರ್ಥಹಳ್ಳಿ)

ನಡುವೆ ಬಂದುದಕ್ಕೆ ಕ್ಷಮಿಸಿ. ನನ್ನ ಮೋಡೆಮ್ ಆರ್‌ಎಕ್ಸ್ ಪವರ್ ಮೈನಸ್ 28.5 ತೋರಿಸುತ್ತಿದೆ, ಮಳೆ ಬಂದಾಗ ಸಂಪರ್ಕವೇ ಹೋಗುತ್ತದೆ. ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಾಯಿಸಿದರೆ ಸರಿಹೋಗುವುದೇ?

ಫೈಬರ್ ಬೆಸುಗೆ (ಸಾಗರ)

ಇಲ್ಲ, ನಿಮ್ಮದು ಲೈನಿನಲ್ಲಿ ಬೆಳಕು ಸಾಲದ ದೋಷ, ಡಿಎನ್‌ಎಸ್‌ಗೆ ಸಂಬಂಧವಿಲ್ಲ. ಆ ಅಂಕಿಯ ಫೋಟೊ ತೆಗೆದು, ಮಳೆಯಲ್ಲಿ ಮತ್ತು ಬಿಸಿಲಿನಲ್ಲಿ ಎಷ್ಟಿತ್ತೆಂದು ಬರೆದು ದೂರು ಕೊಡಿ, ದೂರಿನ ಡಾಕೆಟ್ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆಯೊಂದಿಗೆ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ಅವಕಾಶವಿದೆ. ನೆಟ್ ನಿಧಾನ ಎಂಬ ದೂರಿಗಿಂತ ಮೈನಸ್ 28.5 ಎಂಬ ದೂರಿಗೆ ತಂತ್ರಜ್ಞರು ಬೇಗ ಬರುತ್ತಾರೆ, ಏಕೆಂದರೆ ಏನು ಮಾಡಬೇಕೆಂಬುದು ಅವರಿಗೆ ಅದರಲ್ಲಿಯೇ ತಿಳಿಯುತ್ತದೆ.

ಅಡಿಕೆ ತೋಟ (ಶಿರಸಿ)

ಕ್ಯಾಮೆರಾ ಪೆಟ್ಟಿಗೆಯ ವೈರು ಕಳಚಿದ ಕೂಡಲೇ ಹೊರಗಿನ ಪಿಂಗ್ 25ಕ್ಕೆ ಇಳಿಯಿತು, ಮತ್ತೆ ಸಿಕ್ಕಿಸಿದಾಗ ಏರಿತು. ಹಲವು ಸಲ ಮಾಡಿ ನೋಡಿದರೂ ಹಾಗೆಯೇ ಆಯಿತು. ಟಿವಿಗೆ ವೈರು ಎಳೆಸಿದ್ದೇನೆ, ರಿಪೀಟರ್ ತೆಗೆದಿದ್ದೇನೆ. ಆದರೆ ತೋಟದ ಕಡೆ ರಾತ್ರಿ ಹಂದಿ, ಕಾಡುಕೋಣ ಬರುವುದರಿಂದ ಕ್ಯಾಮೆರಾಗಳನ್ನು ಆರಿಸಿಡುವಂತಿಲ್ಲ. ಅವೂ ಇರಬೇಕು, ಆಟವೂ ನಡೆಯಬೇಕು. ಹೇಗೆ ಹೊಂದಿಸುವುದು?

ಹುಬ್ಬಳ್ಳಿ ಹುಡುಗ

ಈ ಅಳತೆಯ ಮುಂದೆ ನನ್ನ ವಾದ ನಿಲ್ಲುವುದಿಲ್ಲ, ಒಪ್ಪುತ್ತೇನೆ. ನನ್ನ ಮನೆಯಲ್ಲಿಯೂ ಈ ಪಿಂಗ್ ಪರೀಕ್ಷೆಯನ್ನು ಮಾಡಿ ನೋಡುತ್ತೇನೆ.

ಪ್ಯಾಕೆಟ್ ಪಥ (ಮೈಸೂರು)

ಎರಡೂ ಇರಬಹುದು. ಕ್ಯಾಮೆರಾ ಪೆಟ್ಟಿಗೆಯಲ್ಲಿ ಪ್ರತಿ ಕ್ಯಾಮೆರಾಕ್ಕೂ ಮುಖ್ಯ ಸ್ಟ್ರೀಮ್ (ಪೂರ್ತಿ ಸ್ಪಷ್ಟತೆಯದು), ಸಬ್ ಸ್ಟ್ರೀಮ್ (ಕಡಿಮೆ ಸ್ಪಷ್ಟತೆಯದು) ಎಂದು ಎರಡು ಇರುತ್ತವೆ. ಮುಖ್ಯ ಸ್ಟ್ರೀಮ್ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕಿಗೆ ದಾಖಲಾಗಲಿ. ಕ್ಲೌಡಿಗೆ ಸಬ್ ಸ್ಟ್ರೀಮ್ ಮಾತ್ರ ಹೋಗುವಂತೆ ಮಾಡಿ, ಅದರ ಬಿಟ್‌ರೇಟನ್ನು ವೇರಿಯಬಲ್‌ನಿಂದ (ಏರಿಳಿಯುವುದು) ಕಾನ್‌ಸ್ಟಂಟ್‌ಗೆ (ಸ್ಥಿರವಾದದ್ದು) ಬದಲಾಯಿಸಿ ತಲಾ 512 ಕೆಬಿಪಿಎಸ್‌ಗೆ ಕಟ್ಟಿಡಿ. ಆಗ ನಾಲ್ಕೂ ಸೇರಿ 2 ಎಂಬಿಪಿಎಸ್ ಆಸುಪಾಸಿನಲ್ಲಿ ನಿಲ್ಲುತ್ತವೆ. ಹಂದಿ ಬಂದದ್ದು ಮೊಬೈಲಿನಲ್ಲಿ ತಿಳಿಯಲು ಅಷ್ಟು ಸಾಕು. ಸ್ಪಷ್ಟ ಚಿತ್ರ ಬೇಕಾದಾಗ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಚಲನೆಯ ವಲಯವನ್ನು ಬೇಲಿ ಮತ್ತು ದಾರಿಗೆ ಸೀಮಿತಗೊಳಿಸಿ, ಲೆನ್ಸಿನ ಎದುರಿನ ಬಲೆಗಳನ್ನು ಆಗಾಗ ತೆಗೆಯಿರಿ. ಮನೆಯವರ ಮೊಬೈಲುಗಳಲ್ಲಿ ಫೋಟೊ ಬ್ಯಾಕಪ್ ಸಂಜೆಯೇ ಶುರುವಾಗುತ್ತಿದ್ದರೆ ಅದನ್ನೂ ಗಮನಿಸಬೇಕು.

ಮುಂದೆ ಎಂದಾದರೂ ರೂಟರ್ ಬದಲಾಯಿಸುವುದಾದರೆ ಎಸ್‌ಕ್ಯೂಎಂ (ಪ್ಯಾಕೆಟ್ಟುಗಳ ಸಾಲನ್ನು ಜಾಣತನದಿಂದ ನಿರ್ವಹಿಸುವ) ಸೌಲಭ್ಯ ಇರುವುದನ್ನು ಆರಿಸಿ. ಅದರೊಳಗಿನ ಎಫ್‌ಕ್ಯೂ ಕೋಡೆಲ್ ವಿಧಾನ 2018ರಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾಗಿದೆ. ಪ್ರತಿಯೊಂದು ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಚಿಕ್ಕ ಪ್ಯಾಕೆಟ್ಟುಗಳು ದೊಡ್ಡ ಕಡತಗಳ ಹಿಂದೆ ಸಿಕ್ಕಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ನಿಮ್ಮ 10 ಎಂಬಿಪಿಎಸ್ ಅಪ್‌ಲೋಡಿಗೆ ಮಿತಿಯನ್ನು ಒಂಬತ್ತರ ಒಳಗೆ ಇಡಬೇಕು. ಪೂರ್ತಿ 10 ಕೊಟ್ಟರೆ ಸಾಲು ಮೋಡೆಮ್‌ನೊಳಗೆ ಕಟ್ಟಿಕೊಂಡು ನಿಯಂತ್ರಣ ತಪ್ಪುತ್ತದೆ.

ಅಡಿಕೆ ತೋಟ (ಶಿರಸಿ)

ಸಬ್ ಸ್ಟ್ರೀಮಿಗೆ ಬದಲಾಯಿಸಿ 512ಕ್ಕೆ ಕಟ್ಟಿದೆ. ರಾತ್ರಿಯ ಪಿಂಗ್ ಈಗ 25ರಿಂದ 40ರ ನಡುವೆಯೇ ಇದೆ. ತಂದೆಯವರು ನಿನ್ನೆ ಒಂದು ಪೂರ್ತಿ ಪ್ರಸಂಗವನ್ನು ನಡುವೆ ನಿಲ್ಲದೆ ನೋಡಿದರು. ಪ್ಲಾನ್ ಹಳೆಯದೇ. ಒಂದು ಕೊನೆಯ ಸಂದೇಹವಿದೆ: ಟಿವಿಯಲ್ಲಿ ಗುಣಮಟ್ಟವನ್ನು ಆಟೊಗೆ ಬಿಡಬೇಕೇ, 1080ಪಿಗೆ ಕಟ್ಟಿಡಬೇಕೇ?

ಕರಾವಳಿ ಕ್ಯಾಮೆರಾ (ಕುಂದಾಪುರ)

ಆಟೊಗೇ ಬಿಡಿ ರಾಯರೇ. ಕಟ್ಟಿಟ್ಟರೆ ಸಂಪರ್ಕ ಕುಸಿದಾಗ ಚಿತ್ರ ನಿಂತೇ ಹೋಗುತ್ತದೆ, ಆಟೊದಲ್ಲಿದ್ದರೆ ವೇಷದ ಅಂಚು ಸ್ವಲ್ಪ ಮಸುಕಾದರೂ ಪದ್ಯ ಮುಂದುವರಿಯುತ್ತದೆ. ರಾತ್ರಿಯಿಡೀ ನೋಡುವ ದಿನ ಮಾತ್ರ, ಮೊಬೈಲ್ ಸಂಪರ್ಕದಿಂದ ಬರುವ ಪ್ರಸಾರವಾಗಿದ್ದರೆ, ಮೊದಲು ಹೇಳಿದಂತೆ ಒಂದು ನಿಮಿಷ ಹಿಂದಿಟ್ಟುಕೊಂಡು ನೋಡಲು ಹೇಳಿ.